16.4 ಇದ್ದದ್ದು 18.4 ಆಯಿತು: ಸ್ಕ್ಯಾನ್ ಚಿತ್ರಗಳನ್ನು ಆರ್ಕೈವ್ ದಾಖಲೆ ಮಾಡುವಾಗ ನಡೆದ ಒಂದು ಪ್ರಕರಣ

ಸಮಸ್ಯೆ ಕಣ್ಣಿಗೆ ಬಿದ್ದಿದ್ದು ಒಂದು ಕೂಡುವ ಲೆಕ್ಕದಲ್ಲಿ.

ಹಳೆಯ ಮಳೆ ದಾಖಲೆಗಳು. ಒಟ್ಟು 41 ಸಂಪುಟ, ಹತ್ತಿರ ಹತ್ತಿರ 9,000 ಪುಟ. ಎಲ್ಲವೂ ಟೈಪ್‌ರೈಟರಿನಲ್ಲಿ ಹೊಡೆದ ಪಟ್ಟಿಗಳು. ಒಂದು ಪುಟ ಎಂದರೆ ಒಂದು ಮಾಪನ ಕೇಂದ್ರದ ಒಂದು ತಿಂಗಳು. ಎಡಗಡೆ ತಾರೀಖು, ಅದರ ಪಕ್ಕ ಆ ದಿನ ಬಿದ್ದ ಮಳೆ ಮಿಲಿಮೀಟರಿನಲ್ಲಿ, ಕೊನೆಯ ಸಾಲಿನಲ್ಲಿ ತಿಂಗಳ ಮೊತ್ತ. ಇವನ್ನು ಹಿಂದೆಯೇ ಹೊರಗಿನ ಒಂದು ಸಂಸ್ಥೆಗೆ ಕೊಟ್ಟು ಸ್ಕ್ಯಾನ್ ಮಾಡಿಸಲಾಗಿತ್ತು. ಸಂಪುಟಕ್ಕೊಂದು ಪಿಡಿಎಫ್ ನಮ್ಮ ಕೈಗೆ ಬಂದಿತ್ತು. ನಮ್ಮ ಕೆಲಸ ಆ ಪಿಡಿಎಫ್ ನೋಡಿ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಏರಿಸುವುದು, ಅಷ್ಟೇ.

ಒಂದು ಮಧ್ಯಾಹ್ನ ಅಂಕಿ ಏರಿಸುತ್ತಿದ್ದ ಹುಡುಗ ಬಂದು, "ಸರ್, ಈ ತಿಂಗಳು ಎರಡು ಮಿಲಿಮೀಟರ್ ಜಾಸ್ತಿ ಬರ್ತಿದೆ" ಎಂದ. ಪುಟದ ಕೆಳಗೆ ಟೈಪ್ ಆಗಿದ್ದ ಮೊತ್ತ 212.6. ಅವನು ಏರಿಸಿದ ಅಂಕಿಗಳನ್ನು ಕೂಡಿದರೆ 214.6. ಅವನು ತಪ್ಪು ಹೊಡೆದಿರಬಹುದು ಎಂದುಕೊಂಡು ಪರದೆಯ ಮೇಲೆ ಇಬ್ಬರೂ ಒಂದೊಂದೇ ಸಾಲು ಓದಿದೆವು. ತಪ್ಪಿರಲಿಲ್ಲ. ಪಿಡಿಎಫ್‌ನಲ್ಲಿ ಇದ್ದದ್ದೇ ಅವನ ಹಾಳೆಯಲ್ಲೂ ಇತ್ತು. ಹಾಗಾದರೆ ಅಂದು ಟೈಪ್ ಮಾಡಿದವರೇ ಕೂಡುವಾಗ ತಪ್ಪಿರಬೇಕು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮೂಲ ಪುಸ್ತಕ ಅದೇ ಕಟ್ಟಡದಲ್ಲಿ ಇತ್ತು. ಇಳಿದು ಹೋಗಿ ತೆಗೆದು ನೋಡಿದೆವು. 19ನೇ ತಾರೀಖಿನ ಮಳೆ ಕಾಗದದ ಮೇಲೆ 16.4. ಪಿಡಿಎಫ್‌ನಲ್ಲಿ 18.4.

ಅಲ್ಲಿ ಮಸುಕು ಇರಲಿಲ್ಲ, ಕಲೆ ಇರಲಿಲ್ಲ. ಪಿಡಿಎಫ್‌ನಲ್ಲಿದ್ದ ಎಂಟು ಪರಿಶುದ್ಧವಾದ ಎಂಟು. ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಅನುಮಾನ ಬರುವ ಹಾಗಿರಲಿಲ್ಲ. ಸ್ಕ್ಯಾನರ್ ಆರನ್ನು ಎಂಟಾಗಿ ಹೇಗೆ ನೋಡುತ್ತದೆ? ಅದು ಅಂಕಿಯನ್ನು ಓದುವುದೇ ಇಲ್ಲವಲ್ಲ, ಬರೀ ಬೆಳಕು ಅಳೆಯುತ್ತದೆ.

ಎಲ್ಲಾ ಎಂಟುಗಳೂ ಒಂದೇ

ಉತ್ತರ ಸಿಕ್ಕಿದ್ದು ಆ ಪುಟವನ್ನು ಶೇಕಡಾ 800ಕ್ಕೆ ಹಿಗ್ಗಿಸಿ ನೋಡಿದಾಗ. ಟೈಪ್‌ರೈಟರಿನ ಅಚ್ಚು ಒಂದೊಂದು ಸಲ ಒಂದೊಂದು ಥರ ಬೀಳುತ್ತದೆ. ರಿಬ್ಬನ್ ಒಣಗಿದ್ದರೆ ತೆಳುವಾಗಿ, ಬೆರಳು ಜೋರಾಗಿ ಬಿದ್ದರೆ ದಪ್ಪವಾಗಿ. ಕಾಗದದಲ್ಲಿ ಯಾವ ಎರಡು ಎಂಟೂ ಒಂದೇ ಥರ ಇರಲಿಲ್ಲ. ಆದರೆ ಪಿಡಿಎಫ್‌ನಲ್ಲಿ ಆ ಪುಟದ ಎಂಟುಗಳೆಲ್ಲ ಪಿಕ್ಸೆಲ್‌ಗೆ ಪಿಕ್ಸೆಲ್ ಒಂದೇ. ಕೆಳಗಿನ ಸುತ್ತಿನ ಎಡಬದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. ಪ್ರತಿ ಎಂಟಿನಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಆ ಕಚ್ಚು. 19ನೇ ತಾರೀಖಿನ ಸುಳ್ಳು ಎಂಟಿನಲ್ಲೂ ಅದೇ.

ಪಾಪ್ಲರ್ ಎಂಬ ಮುಕ್ತ ತಂತ್ರಾಂಶದ ಜೊತೆ ಬರುವ ಪಿಡಿಎಫ್‌ಇಮೇಜಸ್ ಎಂಬ ಸಲಕರಣೆ, ಪಿಡಿಎಫ್ ಒಳಗಿರುವ ಚಿತ್ರಗಳನ್ನು ಯಾವ ವಿಧಾನದಲ್ಲಿ ಕುಗ್ಗಿಸಿದ್ದಾರೆ ಎಂದು ಪಟ್ಟಿ ಮಾಡಿ ತೋರಿಸುತ್ತದೆ. ಓಡಿಸಿದೆವು. ಪ್ರತಿ ಪುಟದ ಮುಂದೆಯೂ ಜೆಬಿಗ್2 ಎಂದು ಬಂತು.

ಜೆಬಿಗ್2 ಎನ್ನುವುದು ಬರೀ ಕಪ್ಪು-ಬಿಳುಪಿನ ಚಿತ್ರಗಳಿಗೆಂದೇ 2000ದ ಹೊತ್ತಿಗೆ ಬಂದ ಮಾನದಂಡ. ಅದರ ಜಾಣತನ ಇರುವುದು ಇಲ್ಲಿ: ಪುಟದ ಮೇಲಿನ ಒಂದೊಂದು ಅಕ್ಷರದ ಆಕಾರವನ್ನೂ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ಒಂದರಂತೆ ಇನ್ನೊಂದು ಕಂಡರೆ ಎರಡನ್ನೂ ಇಡುವುದಿಲ್ಲ. ಒಂದನ್ನು ಪಟ್ಟಿಯಲ್ಲಿಟ್ಟುಕೊಂಡು, ಉಳಿದ ಕಡೆ "ಇಲ್ಲಿ ಅದನ್ನೇ ಹಾಕು" ಎಂದು ಗುರುತು ಮಾಡಿಕೊಳ್ಳುತ್ತದೆ. ಇದರಲ್ಲಿ ಎರಡು ದಾರಿ ಇವೆ. ಎರಡು ಆಕಾರಗಳ ನಡುವೆ ಇರುವ ಚಿಕ್ಕ ವ್ಯತ್ಯಾಸವನ್ನೂ ಬರೆದಿಟ್ಟುಕೊಂಡರೆ ಮೂಲ ಚಿತ್ರ ಹಾಗೆಯೇ ವಾಪಸ್ ಸಿಗುತ್ತದೆ, ಏನೂ ನಷ್ಟವಿಲ್ಲ. ಆ ವ್ಯತ್ಯಾಸವನ್ನು ಬಿಸಾಡಿದರೆ ಫೈಲ್ ಇನ್ನೂ ಚಿಕ್ಕದಾಗುತ್ತದೆ. ಆದರೆ ಆಗ "ಒಂದರಂತೆ ಇನ್ನೊಂದು" ಎಂಬ ತೀರ್ಮಾನ ತಪ್ಪಿದರೆ ಅಂಕಿಯೇ ಬದಲಾಗುತ್ತದೆ. ಸಣ್ಣ ಅಕ್ಷರ, ಸ್ವಲ್ಪ ಶಾಯಿ ತುಂಬಿಕೊಂಡ ಆರು. ಅದರ ಬಾಯಿ ಅರ್ಧ ಮುಚ್ಚಿದೆ. ಎಂಟಿಗೂ ಅದಕ್ಕೂ ಹತ್ತಾರು ಪಿಕ್ಸೆಲ್ ವ್ಯತ್ಯಾಸ. ಲೆಕ್ಕ ಹಾಕುವ ಪ್ರೋಗ್ರಾಮಿಗೆ ಎರಡೂ ಒಂದೇ.

ಇದು ಹೊಸ ಅಪಾಯವೇನಲ್ಲ. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯ ಕಂಪ್ಯೂಟರ್ ತಜ್ಞರು ಝೆರಾಕ್ಸ್ ವರ್ಕ್‌ಸೆಂಟರ್ ಯಂತ್ರಗಳಲ್ಲಿ ಇದನ್ನೇ ಹಿಡಿದು ತೋರಿಸಿದ್ದರು. ಮನೆಯ ನಕ್ಷೆಯೊಂದರಲ್ಲಿ ಮೂರು ಕೋಣೆಗಳ ವಿಸ್ತೀರ್ಣ ಬೇರೆ ಬೇರೆ ಇತ್ತು. 21.11 ಎಂದಿದ್ದ ಕೋಣೆಯೂ ಪ್ರತಿಯಲ್ಲಿ 14.13 ಆಗಿ ಹೊರಬಂದಿತ್ತು. ಆಮೇಲೆ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಅಧಿಕಾರಿಗಳು ಆರ್ಕೈವ್ ದಾಖಲೆಗಳಿಗೆ ಜೆಬಿಗ್2 ಬೇಡವೇ ಬೇಡ ಎಂದರು. ಇದೆಲ್ಲ ನನಗೆ ಓದಿ ಗೊತ್ತಿತ್ತು. ಕೈಯಲ್ಲಿರುವ ಫೈಲಿನಲ್ಲೇ ಅದು ಕೂತಿರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಜೆಪೆಗ್ ಚಿತ್ರ ಜಾಸ್ತಿ ಕುಗ್ಗಿದರೆ ಮಸುಕಾಗುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ. ನೋಡಿದವರಿಗೆ ಅನುಮಾನ ಬರುತ್ತದೆ, ಮೂಲ ಹುಡುಕುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ತಪ್ಪು ಅಂಕಿ ಸರಿಯಾದ ಅಂಕಿಯಷ್ಟೇ ಚೊಕ್ಕವಾಗಿ ನಿಂತಿರುತ್ತದೆ. ಕೆಳಗೆ ಮೊತ್ತ ಇರದಿದ್ದರೆ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಪಾಸಾದ ಫೈಲ್

ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಸಂಗತಿ. ಈ ಪಿಡಿಎಫ್‌ಗಳೆಲ್ಲ ಸುಮ್ನೆ ಪಿಡಿಎಫ್ ಅಲ್ಲ, ಪಿಡಿಎಫ್/ಎ. ದೀರ್ಘಕಾಲ ಉಳಿಯಬೇಕಾದ ದಾಖಲೆಗಳಿಗೆಂದು ಮಾಡಿದ ಐಎಸ್‌ಒ 19005 ಮಾನದಂಡ ಅದು. ಮೊದಲ ಭಾಗ 2005ರಲ್ಲಿ ಬಂತು, ಎರಡನೆಯದು 2011ರಲ್ಲಿ. ಅದರ ಬೇಡಿಕೆಗಳು ಸ್ಪಷ್ಟ. ಬಳಸಿದ ಫಾಂಟ್ ಫೈಲಿನೊಳಗೇ ಇರಬೇಕು. ಪಾಸ್‌ವರ್ಡ್ ಬೀಗ ಇರಬಾರದು. ಜಾವಾಸ್ಕ್ರಿಪ್ಟ್ ಇರಬಾರದು. ಹೊರಗಿನ ಯಾವ ಫೈಲನ್ನೂ ನೆಚ್ಚಿಕೊಳ್ಳಬಾರದು. ಬಣ್ಣ ಹೇಗೆ ಕಾಣಬೇಕು ಎಂಬ ವಿವರ ಒಳಗೇ ಇರಬೇಕು. ಶೀರ್ಷಿಕೆಯಂಥ ವಿವರಣೆಯ ಮಾಹಿತಿ ಎಕ್ಸ್‌ಎಂಪಿ ಎಂಬ ನಿಗದಿತ ರೂಪದಲ್ಲಿರಬೇಕು.

ಇದನ್ನೆಲ್ಲ ಪರೀಕ್ಷಿಸಲು ವೆರಾಪಿಡಿಎಫ್ ಎಂಬ ಒಳ್ಳೆಯ, ಮುಕ್ತ ತಂತ್ರಾಂಶ ಇದೆ. 16.4 ಅನ್ನು 18.4 ಮಾಡಿದ ಆ ಫೈಲನ್ನು ಅದಕ್ಕೆ ಕೊಟ್ಟೆ. ಪಾಸ್. ಒಂದು ದೋಷವೂ ಇಲ್ಲ.

ಇದು ವೆರಾಪಿಡಿಎಫ್ ತಪ್ಪಲ್ಲ. ಪಿಡಿಎಫ್/ಎ ಕೇಳುವುದು ಒಂದೇ ಪ್ರಶ್ನೆ: ಈ ಫೈಲ್ ಮುಂದೆ ಎಂದಾದರೂ ತೆರೆದರೆ ಇವತ್ತು ಕಾಣುವ ಹಾಗೆಯೇ ಕಾಣುತ್ತದಾ? ಕಾಣುತ್ತದೆ. ಮುಂದೆಯೂ 18.4 ಎಂದೇ ಕಾಣುತ್ತದೆ. ಈ ಚಿತ್ರ ಕಾಗದಕ್ಕೆ ನಿಷ್ಠವಾಗಿದೆಯಾ ಎಂಬ ಪ್ರಶ್ನೆಯನ್ನು ಆ ಮಾನದಂಡ ಕೇಳುವುದೇ ಇಲ್ಲ. ಕೆಲಸ ಒಪ್ಪಿಸಿಕೊಂಡವರು "ಪಿಡಿಎಫ್/ಎ ಆಗಿದೆಯಾ" ಎಂದಷ್ಟೇ ನೋಡಿ ಸಹಿ ಹಾಕಿದ್ದರು. ಅವರನ್ನು ದೂರಲಾರೆ. ಹೆಸರು ಕೇಳಿದರೆ ಯಾರಿಗಾದರೂ ಭರವಸೆ ಬರುತ್ತದೆ, ಅಲ್ವಾ?

ಉಳಿಸಿದ್ದು ಎಷ್ಟು ಎಂದು ಲೆಕ್ಕ ಹಾಕಿದಾಗ ಬೇಜಾರಾಯಿತು. ಎ4 ಪುಟವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. ಕಪ್ಪು-ಬಿಳುಪಾದರೆ ಪಿಕ್ಸೆಲ್‌ಗೆ ಒಂದು ಬಿಟ್, ಕುಗ್ಗಿಸದೆ ಸುಮಾರು 1.1 ಎಂಬಿ. ಫ್ಯಾಕ್ಸ್ ಕಾಲದಿಂದ ಬಳಕೆಯಲ್ಲಿರುವ ಗ್ರೂಪ್ 4 ವಿಧಾನದಲ್ಲಿ ಏನೂ ನಷ್ಟವಿಲ್ಲದೆ ಕುಗ್ಗಿಸಿದರೆ ನಮ್ಮ ಪುಟಗಳು ಸುಮಾರು 60 ಕೆಬಿ ಆಗುತ್ತಿದ್ದವು. ಜೆಬಿಗ್2ನ ನಷ್ಟದ ವಿಧಾನದಲ್ಲಿ 15 ಕೆಬಿ. 9,000 ಪುಟಕ್ಕೆ ಲೆಕ್ಕ ಹಾಕಿ: 540 ಎಂಬಿ ಬದಲು 135 ಎಂಬಿ. ಒಂದು ಸಣ್ಣ ಪೆನ್‌ಡ್ರೈವ್‌ನ ಮೂಲೆಯಲ್ಲಿ ಹಿಡಿಸುವ 400 ಎಂಬಿಗಾಗಿ ಮಳೆಯ ಅಂಕಿಗಳನ್ನು ಬಿಟ್ಟುಕೊಟ್ಟಂತಾಯಿತು.

ಮತ್ತೆ ಮೊದಲಿನಿಂದ

ಇರುವ ಪಿಡಿಎಫ್ ರಿಪೇರಿ ಆಗುವುದಿಲ್ಲ. ಬಿಸಾಡಿದ ವ್ಯತ್ಯಾಸ ವಾಪಸ್ ಬರುವುದಿಲ್ಲ. ಹಾಗಾಗಿ ಸ್ಕ್ಯಾನರಿನಿಂದ ನೇರ ಬಂದ ಮೂಲ ಚಿತ್ರಗಳನ್ನು, ಅಂದರೆ ಟಿಫ್ ಫೈಲುಗಳನ್ನು, ಹುಡುಕಲು ಹೊರಟೆವು. ಒಂದು ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ 33 ಸಂಪುಟದ್ದು ಸಿಕ್ಕಿತು. ಉಳಿದ 8ರಲ್ಲಿ 7 ಸಂಪುಟಗಳ ಕಾಗದ ಚೆನ್ನಾಗಿತ್ತು, ಅವನ್ನು ಬೂದು ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆವು. ಕೊನೆಯ ಒಂದರ ಕಥೆ ಆಮೇಲೆ ಹೇಳುತ್ತೇನೆ.

ಚಿತ್ರಗಳಿಂದ ಪಿಡಿಎಫ್ ಮಾಡುವ ಲೈಬ್ರರಿಗಳು, ಅಂದರೆ ಸಿದ್ಧ ಪ್ರೋಗ್ರಾಮುಗಳು, ಬೇಕಾದಷ್ಟಿವೆ. ನಾವು ಆರಿಸುವಾಗ ಒಂದೇ ಪ್ರಶ್ನೆ ಇಟ್ಟುಕೊಂಡೆವು: ಇದು ನನ್ನ ಪಿಕ್ಸೆಲ್‌ಗಳನ್ನು ಮುಟ್ಟುತ್ತದಾ?

ಈ ಪ್ರಶ್ನೆ ಕೇಳಿದ ತಕ್ಷಣ ತುಂಬಾ ಹೆಸರುಗಳು ಬಿದ್ದುಹೋಗುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲರೂ ಬಳಸುವ ಪಿಲ್ಲೋ ಲೈಬ್ರರಿಗೆ ಬಣ್ಣದ ಚಿತ್ರ ಕೊಟ್ಟು ಪಿಡಿಎಫ್ ಮಾಡು ಎಂದರೆ ಅದನ್ನು ಜೆಪೆಗ್ ಆಗಿ ಕುಗ್ಗಿಸಿ ಇಡುತ್ತದೆ. ಚಿತ್ರಗಳನ್ನು ಬದಲಿಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶಕ್ಕೆ ಜೆಪೆಗ್ ಕೊಟ್ಟರೆ ಅದನ್ನು ಬಿಚ್ಚಿ, ಮತ್ತೊಮ್ಮೆ ಕುಗ್ಗಿಸುತ್ತದೆ. ದಿನನಿತ್ಯದ ಕೆಲಸಕ್ಕೆ ಎರಡೂ ಚೆನ್ನಾಗಿವೆ, ನಾನೂ ಬಳಸುತ್ತೇನೆ. ಆರ್ಕೈವ್ ಕೆಲಸಕ್ಕೆ ಹೊಂದುವುದಿಲ್ಲ.

ನಾವು ಆರಿಸಿಕೊಂಡದ್ದು ಇಮೇಜ್‌ನಿಂದ ಪಿಡಿಎಫ್ ಮಾಡುವ ಐಎಂಜಿ2ಪಿಡಿಎಫ್ ಎಂಬ ಚಿಕ್ಕ ಪೈಥಾನ್ ಲೈಬ್ರರಿ. ಅದರ ಹೆಚ್ಚುಗಾರಿಕೆ ಎಂದರೆ ಅದು ಕಡಿಮೆ ಕೆಲಸ ಮಾಡುತ್ತದೆ. ಜೆಪೆಗ್ ಕೊಟ್ಟರೆ ಬಿಚ್ಚದೆ ಹಾಗೆಯೇ ಪಿಡಿಎಫ್ ಒಳಗೆ ಇಡುತ್ತದೆ. ಗ್ರೂಪ್ 4 ಟಿಫ್ ಕೊಟ್ಟರೂ ಹಾಗೆಯೇ. ನೇರವಾಗಿ ಇಡಲು ಬಾರದ ಚಿತ್ರವನ್ನು ನಷ್ಟವಿಲ್ಲದ ವಿಧಾನದಲ್ಲೇ ಕುಗ್ಗಿಸುತ್ತದೆ. ನಾವು ಬಳಸಿದ ಆವೃತ್ತಿಗೆ ಪಾರದರ್ಶಕ ಪದರ ಇರುವ ಚಿತ್ರ ಕೊಟ್ಟರೆ, ತಾನೇ ಏನೋ ಊಹಿಸಿ ಬದಲಿಸುತ್ತಿರಲಿಲ್ಲ, ಆಗುವುದಿಲ್ಲ ಎಂದು ನಿಲ್ಲುತ್ತಿತ್ತು. ಹೀಗೆ ನಿಲ್ಲುವ ಗುಣ ನನಗೆ ತುಂಬಾ ಹಿಡಿಸಿತು.

ಅದರಲ್ಲೂ ಒಂದು ಕಡೆ ಎಡವಿದೆವು. ಮೊದಲ ಸಂಪುಟ ತೆರೆದಾಗ ಕೆಲವು ಪುಟಗಳು ಗೋಡೆಗೆ ಅಂಟಿಸುವ ಭಿತ್ತಿಚಿತ್ರದಷ್ಟು ದೊಡ್ಡದಾಗಿದ್ದವು. ಪುಟದ ಅಳತೆ ನೋಡಿದರೆ 65.6 ಸೆಂಟಿಮೀಟರ್ ಅಗಲ, 92.8 ಎತ್ತರ. ಆ ಟಿಫ್‌ಗಳಲ್ಲಿ ಡಿಪಿಐ ಮಾಹಿತಿಯೇ ಬರೆದಿರಲಿಲ್ಲ. ಬರೆದಿಲ್ಲದಿದ್ದರೆ ಈ ಲೈಬ್ರರಿ 96 ಎಂದು ಹಿಡಿಯುತ್ತದೆ. 2480 ಪಿಕ್ಸೆಲ್ ಅನ್ನು 96ರಿಂದ ಭಾಗಿಸಿದರೆ ಸುಮಾರು 25.8 ಇಂಚು, ಲೆಕ್ಕ ಸರಿಯಾಗಿಯೇ ಇದೆ. ಪಿಕ್ಸೆಲ್‌ಗಳಿಗೆ ಏನೂ ಆಗಿಲ್ಲ. ಆದರೆ ಪುಟದ ನಿಜವಾದ ಅಳತೆಯೂ ದಾಖಲೆಯ ಭಾಗವೇ. ಕಾಗದವನ್ನು ಸ್ಕೇಲಿನಿಂದ ಅಳೆದು, ಹೋಲಿಸಿ, 300 ಎಂದು ಖಚಿತ ಮಾಡಿಕೊಂಡು ನಾವೇ ಕೊಟ್ಟೆವು. ಇನ್ನೊಂದು ಕಂತಿನಲ್ಲಿ ಡಿಪಿಐ 118 ಎಂದಿತ್ತು. ನೋಡಿದರೆ ಅದು ಇಂಚಿಗೆ ಅಲ್ಲ, ಸೆಂಟಿಮೀಟರಿಗೆ. ಅಂದರೆ ಅದೂ 300ರ ಹತ್ತಿರವೇ.

ಹುಡುಕಲು ಬರುವ ಪಠ್ಯ ಸೇರಿಸುವುದಕ್ಕೂ, ಪಿಡಿಎಫ್/ಎ ಮಾಡುವುದಕ್ಕೂ ಓಸಿಆರ್‌ಮೈಪಿಡಿಎಫ್ ಬಳಸಿದೆವು. ಇದೂ ಪೈಥಾನ್‌ದೇ. ಒಳಗೆ ಅಕ್ಷರ ಓದುವುದು ಟೆಸೆರಾಕ್ಟ್, ಪಿಡಿಎಫ್/ಎ ರೂಪಕ್ಕೆ ತರುವುದು ಘೋಸ್ಟ್‌ಸ್ಕ್ರಿಪ್ಟ್. ಟೆಸೆರಾಕ್ಟ್ ಓದಿದ ಪಠ್ಯವನ್ನು ಚಿತ್ರದ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಇಡುತ್ತಾರೆ. ಹುಡುಕಿದರೆ ಸಿಗುತ್ತದೆ, ನಕಲು ಮಾಡಲು ಬರುತ್ತದೆ, ಆದರೆ ಪರದೆಯ ಮೇಲೆ ಕಾಣುವುದು ಚಿತ್ರವೇ. ಹಾಗಾಗಿ ಟೆಸೆರಾಕ್ಟ್ ಆರನ್ನು ಎಂಟು ಎಂದು ಓದಿದರೂ ನನಗೆ ಅಷ್ಟು ಭಯವಿಲ್ಲ. ಚಿತ್ರ ನೋಡಿದವರಿಗೆ ಆರು ಕಾಣುತ್ತದೆ. ಓದುವ ಯಂತ್ರ ತಪ್ಪಿದರೆ ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದಾಗ ಮತ್ತೆ ಓದಿಸಬಹುದು. ಚಿತ್ರವೇ ತಪ್ಪಿದರೆ ಮತ್ತೆ ಓದಿಸಲು ಏನು ಉಳಿದಿರುತ್ತದೆ?

ಪಟ್ಟಿಗಳಾದ್ದರಿಂದ ಟೆಸೆರಾಕ್ಟ್ ಮೊದಮೊದಲು ಕಾಲಂಗಳನ್ನು ಬೇರೆ ಬೇರೆ ತುಂಡು ಎಂದು ಓದುತ್ತಿತ್ತು. ಪುಟ ವಿಂಗಡಣೆಯ ಸೆಟ್ಟಿಂಗನ್ನು 6ಕ್ಕೆ ಇಟ್ಟು, ಇಡೀ ಪುಟ ಒಂದೇ ತುಂಡು ಎಂದು ಹೇಳಿದ ಮೇಲೆ ಸಾಲುಗಳು ಸರಿಯಾಗಿ ಬಂದವು.

ಇಲ್ಲಿ ಎರಡು ಸೆಟ್ಟಿಂಗ್ ಬಗ್ಗೆ ಹೇಳಲೇಬೇಕು. ಒಂದು, ಪುಟ ನೇರ ಮಾಡುವ ಡೆಸ್ಕ್ಯೂ. ಓರೆಯಾಗಿರುವ ಪುಟ ನೇರವಾದರೆ ಓದಲು ಹಿತ. ಆದರೆ ಅದಕ್ಕಾಗಿ ಇಡೀ ಚಿತ್ರವನ್ನು ತಿರುಗಿಸಬೇಕು, ಪ್ರತಿ ಪಿಕ್ಸೆಲ್ ಹೊಸದಾಗಿ ಲೆಕ್ಕ ಹಾಕಬೇಕು. ಬರೀ ಕಪ್ಪು-ಬಿಳುಪಿನ ಚಿತ್ರದಲ್ಲಿ ಅರ್ಧ ಡಿಗ್ರಿ ತಿರುಗಿಸಿದರೂ ಗೆರೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಆರಿನ ಬಾಯಿಯ ಹತ್ತಿರ ಎರಡು ಮೂರು ಪಿಕ್ಸೆಲ್ ತುಂಬಿಕೊಂಡರೂ ನಮಗೆ ಕಷ್ಟ. ಆಫ್ ಮಾಡಿದೆವು. ಪುಟ ಓರೆಯಾಗಿದ್ದರೆ ಓರೆಯಾಗಿಯೇ ಇರಲಿ. ಕಲೆ ತೆಗೆಯುವ ಕ್ಲೀನ್ ಎಂಬ ಆಯ್ಕೆ ಮಾತ್ರ ಇಟ್ಟುಕೊಂಡೆವು. ಯಾಕೆಂದರೆ ಅದು ಟೆಸೆರಾಕ್ಟ್‌ಗೆ ತೋರಿಸುವ ಪ್ರತಿಯನ್ನಷ್ಟೇ ಶುಚಿ ಮಾಡುತ್ತದೆ, ಫೈಲಿನಲ್ಲಿ ಉಳಿಯುವ ಚಿತ್ರವನ್ನು ಮುಟ್ಟುವುದಿಲ್ಲ.

ಎರಡನೆಯದು ಘೋಸ್ಟ್‌ಸ್ಕ್ರಿಪ್ಟ್ ಹಂತ. ಪಿಡಿಎಫ್/ಎ ಮಾಡುವಾಗ ಬಣ್ಣದ ಮತ್ತು ಬೂದು ಚಿತ್ರಗಳನ್ನು ಹೇಗೆ ಕುಗ್ಗಿಸಬೇಕು ಎಂಬ ತೀರ್ಮಾನವನ್ನು ನಾವು ಹೇಳದಿದ್ದರೆ ಅದೇ ತೆಗೆದುಕೊಳ್ಳುತ್ತದೆ. ಹೊಸದಾಗಿ ಸ್ಕ್ಯಾನ್ ಮಾಡಿದ ಬೂದು ಪುಟಗಳು ಮೊದಲ ಸಲ ಜೆಪೆಗ್ ಆಗಿ ಹೊರಬಂದವು. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಗೊತ್ತಾಗಿದ್ದು ಹೋಲಿಸಿ ನೋಡಿದಾಗ. ಓಸಿಆರ್‌ಮೈಪಿಡಿಎಫ್‌ನಲ್ಲಿ ಇದಕ್ಕೆಂದೇ ಲಾಸ್‌ಲೆಸ್ ಎಂಬ ಆಯ್ಕೆ ಇದೆ, ಅದನ್ನು ಹಾಕಿದ ಮೇಲೆ ಸರಿಯಾಯಿತು. ಕಪ್ಪು-ಬಿಳುಪು ಪುಟಗಳು ಹೇಗೂ ನಷ್ಟವಿಲ್ಲದ ವಿಧಾನದಲ್ಲೇ ಉಳಿಯುತ್ತವೆ. ಫೈಲನ್ನು ಇನ್ನಷ್ಟು ಚಿಕ್ಕದು ಮಾಡುವ ಆಪ್ಟಿಮೈಸ್ ಎಂಬ ಆಯ್ಕೆಯನ್ನು ಸೊನ್ನೆಗೆ ಇಟ್ಟೆವು. ಒಂದರಲ್ಲಿ ಇಟ್ಟರೂ ನಷ್ಟವಿಲ್ಲ, ಆದರೆ ನಷ್ಟವಿಲ್ಲದ ಜೆಬಿಗ್2 ಕೂಡ ಬೇಡ ಎನ್ನುವ ಆರ್ಕೈವ್‌ಗಳಿವೆ. ನಮ್ಮ ಫೈಲ್ ಅಲ್ಲಿಗೂ ಹೋಗುವ ಹಾಗಿರಲಿ ಎಂದು.

ಹೋಲಿಸಿ ನೋಡುವುದು

ಈ ಸಲ "ಪಾಸ್" ಎಂಬ ಮಾತಿಗೆ ನಿಲ್ಲಲಿಲ್ಲ. ತಯಾರಾದ ಪ್ರತಿ ಪಿಡಿಎಫ್‌ನಿಂದ ಚಿತ್ರವನ್ನು ಹೊರತೆಗೆದು, ಅದರ ಪಿಕ್ಸೆಲ್‌ಗಳಿಗೆ ಶಾ-256 ಚೆಕ್‌ಸಮ್ (ಒಂದು ಬಿಟ್ ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ಹಾಕಿ, ಮೂಲ ಟಿಫ್‌ನ ಪಿಕ್ಸೆಲ್‌ಗಳ ಚೆಕ್‌ಸಮ್ ಜೊತೆ ತಾಳೆ ನೋಡಿದೆವು. ಫೈಲಿನ ಚೆಕ್‌ಸಮ್ ಅಲ್ಲ, ಪಿಕ್ಸೆಲ್‌ಗಳದ್ದು. ಫೈಲ್ ಬೇರೆಯಾದ ಮೇಲೆ ಅದರ ಚೆಕ್‌ಸಮ್ ಬೇರೆಯೇ ಇರುತ್ತದೆ.

ಮೊದಲ ಸಲ ಓಡಿಸಿದಾಗ ಕಪ್ಪು-ಬಿಳುಪಿನ ಒಂದು ಪುಟವೂ ತಾಳೆಯಾಗಲಿಲ್ಲ. ಅರ್ಧ ದಿನ ಗಾಬರಿ. ಕಾರಣ ಸರಳವಾಗಿತ್ತು. ಟಿಫ್‌ನಲ್ಲಿ 0 ಎಂದರೆ ಬಿಳುಪು ಎಂದೂ ಬರೆಯಬಹುದು, ಕಪ್ಪು ಎಂದೂ ಬರೆಯಬಹುದು. ನಮ್ಮ ಟಿಫ್‌ಗಳಲ್ಲಿ ಒಂದು ಥರ, ಹೊರತೆಗೆದ ಚಿತ್ರದಲ್ಲಿ ಅದರ ಉಲ್ಟಾ. ಕಣ್ಣಿಗೆ ಒಂದೇ ಚಿತ್ರ, ಬಿಟ್‌ಗಳು ತಲೆಕೆಳಗು. ಎರಡನ್ನೂ ಒಂದೇ ಅರ್ಥಕ್ಕೆ ತಂದ ಮೇಲೆ ಎಲ್ಲ ಪುಟಗಳೂ ತಾಳೆಯಾದವು. ವೆರಾಪಿಡಿಎಫ್‌ನಲ್ಲೂ ಪಾಸಾದವು, ಈ ಸಲ ಆ ಮಾನದಂಡದ ಎರಡನೆಯ ಭಾಗದ ಪ್ರಕಾರ, ಪಿಡಿಎಫ್/ಎ-2ಬಿ ಎಂದು.

ಇನ್ನು ಹಳೆಯ ಪಿಡಿಎಫ್‌ನಲ್ಲಿ ಎಷ್ಟು ಅಂಕಿ ಬದಲಾಗಿತ್ತು ಎಂಬ ಪ್ರಶ್ನೆ. ಅದು ಬೇಕಾಗಿತ್ತು, ಯಾಕೆಂದರೆ ಅದನ್ನು ನೋಡಿ ಎಷ್ಟೋ ಪುಟಗಳನ್ನು ಆಗಲೇ ಸ್ಪ್ರೆಡ್‌ಶೀಟಿಗೆ ಏರಿಸಿಯಾಗಿತ್ತು. ಹಳೆಯ ಮತ್ತು ಹೊಸ ಚಿತ್ರಗಳನ್ನು ಸುಮ್ನೆ ಪಿಕ್ಸೆಲ್ ಹೋಲಿಸಿ ಪ್ರಯೋಜನವಿಲ್ಲ, ಪ್ರತಿ ಅಕ್ಷರವೂ ಚೂರುಪಾರು ಬೇರೆಯೇ ಇರುತ್ತದೆ. ಹಾಗಾಗಿ ಎರಡನ್ನೂ ಟೆಸೆರಾಕ್ಟ್‌ನಿಂದ ಓದಿಸಿದೆವು. ಓದಿದ್ದು ಎಲ್ಲಿ ಬೇರೆಯಾಯಿತೋ ಅಲ್ಲಿ ಮನುಷ್ಯರು ಕೂತು ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ನೋಡಿದರು. ಜೊತೆಗೆ, ಮೊತ್ತ ತಾಳೆಯಾಗದ ಪ್ರತಿ ತಿಂಗಳನ್ನೂ ನೋಡಿದರು. ಖಚಿತವಾಗಿ ಬದಲಾಗಿದ್ದು 23 ಅಂಕಿಗಳು. ಹೆಚ್ಚಿನವು 6 ಹೋಗಿ 8, ಕೆಲವು 3 ಹೋಗಿ 8. ಎರಡು ಕಡೆ ಮೊತ್ತದ ಸಾಲಿನಲ್ಲೇ ಅಂಕಿ ಬದಲಾಗಿತ್ತು. ದಿನದ ಅಂಕಿಗಳು ಸರಿ ಇದ್ದರೂ ಅವೇ ತಪ್ಪು ಎಂದು ಕಾಣುತ್ತಿದ್ದವು.

ಒಂಬತ್ತು ಸಾವಿರ ಪುಟದಲ್ಲಿ 23 ಎಂದರೆ ತೀರಾ ಕಮ್ಮಿ ಎಂದು ಕೆಲವರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಆ 23 ಎಲ್ಲಿವೆ ಎಂದು ಗೊತ್ತಿರದಿದ್ದಾಗ ಪ್ರತಿಯೊಂದು ಅಂಕಿಯೂ ಅನುಮಾನದ್ದೇ ಆಗಿತ್ತು.

ಇದೇ ಹುಡುಕಾಟದಲ್ಲಿ ಇನ್ನೊಂದು ಥರದ ತಪ್ಪೂ ಸಿಕ್ಕಿತು. ಕಾಗದದ ಮೇಲೆಯೇ ಮೊತ್ತ ತಪ್ಪಿದ್ದ ತಿಂಗಳುಗಳು. ಅಂದು ಕೂಡಿದವರು ಕೈಯಲ್ಲಿ ಕೂಡಿದ್ದರು, ಎಲ್ಲೋ ಒಂದು ದಶಕ ಬಿಟ್ಟಿದ್ದರು. ಅವನ್ನು ನಾವು ತಿದ್ದಲಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಪಕ್ಕಕ್ಕೆ ಟಿಪ್ಪಣಿ ಹಾಕಿದೆವು, ಚಿತ್ರ ಹಾಗೇ ಇದೆ. ಅಂದು ಬರೆದವರ ತಪ್ಪು ದಾಖಲೆಗೆ ಸೇರಿದ್ದು. ನಮ್ಮ ಕಾಲದ ಪ್ರೋಗ್ರಾಮ್ ಮಾಡಿದ ತಪ್ಪು ಸೇರಿದ್ದಲ್ಲ.

ಮೂಲ ಟಿಫ್‌ಗಳನ್ನು ಚೆಕ್‌ಸಮ್ ಪಟ್ಟಿಯ ಜೊತೆ ಎರಡು ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದೇವೆ. ಯಾವ ಲೈಬ್ರರಿಯ ಯಾವ ಆವೃತ್ತಿ, ಯಾವ ಸೆಟ್ಟಿಂಗ್ ಎಂಬುದನ್ನೂ ಒಂದು ಸಾದಾ ಪಠ್ಯ ಫೈಲಿನಲ್ಲಿ ಬರೆದು ಅಲ್ಲೇ ಇಟ್ಟಿದ್ದೇವೆ.

ಉಳಿದದ್ದು ಆ ಕೊನೆಯ ಸಂಪುಟ. ಅದರ ಟಿಫ್ ಸಿಗಲಿಲ್ಲ. ಸ್ಕ್ಯಾನ್ ಆದ ಮೇಲೆ ಪುಸ್ತಕಕ್ಕೆ ನೀರು ಬಿದ್ದು, ಮೊದಲ ಹನ್ನೆರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಲು ಹೋದರೆ ಶಾಯಿಯೇ ಕಿತ್ತು ಬರುತ್ತದೆ. ಮಿಕ್ಕ ಹಾಳೆಗಳನ್ನು ಹೊಸದಾಗಿ ಸ್ಕ್ಯಾನ್ ಮಾಡಿದೆವು. ಆ ಹನ್ನೆರಡಕ್ಕೆ ಹಳೆಯ ಜೆಬಿಗ್2 ಚಿತ್ರವೊಂದೇ ಗತಿ. ಅವನ್ನು ಬೇರೆ ಫೈಲಾಗಿ ಇಟ್ಟು, ಎಕ್ಸ್‌ಎಂಪಿ ವಿವರಣೆಯಲ್ಲಿ ಹೀಗೆ ಬರೆದೆವು: "ಈ ಪುಟಗಳ ಮೂಲ ಸ್ಕ್ಯಾನ್ ಲಭ್ಯವಿಲ್ಲ. ನಷ್ಟದ ವಿಧಾನದಲ್ಲಿ ಕುಗ್ಗಿಸಿದ ಪ್ರತಿಯಿಂದ ತೆಗೆದದ್ದು. ಅಂಕಿಗಳು ಬದಲಾಗಿರುವ ಸಾಧ್ಯತೆ ಇದೆ. ಬಳಸುವ ಮುನ್ನ ತಿಂಗಳ ಮೊತ್ತ ಕೂಡಿ ನೋಡಿ." ಹನ್ನೆರಡರಲ್ಲಿ ಹತ್ತು ತಿಂಗಳ ಮೊತ್ತ ತಾಳೆಯಾಗುತ್ತದೆ. ಎರಡರಲ್ಲಿ ಆಗುವುದಿಲ್ಲ. ಹಾಳೆಗಳನ್ನು ಹದವಾಗಿ ಬಿಡಿಸಬಲ್ಲ ಕಾಗದ ಸಂರಕ್ಷಕರು ಸಿಗುವವರೆಗೆ ಆ ಎರಡು ತಿಂಗಳು ಸ್ಪ್ರೆಡ್‌ಶೀಟಿನಲ್ಲಿ ಖಾಲಿ ಇರುತ್ತವೆ.